ನಗು ಮುಗಿಯುವ ಮುನ್ನ

17 ಆಗಸ್ಟ್ 1981, ಸೋಮವಾರ

ಬಚ್ಚಲಿನ ಬಾಗಿಲು ಹಾಕಿಕೊಂಡು ಟಬ್ಬಿನ ಅಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗೆ ಅಮ್ಮ ಹಾಡಿಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ. ಬೇಕರ್ಸ್‌ಫೀಲ್ಡಿನ ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ಅಲ್ಲಿ ಅಪ್ಪ ಟಿವಿ ನೋಡುತ್ತಾನೆ, ಅಮ್ಮ ಅಪ್ಪನನ್ನು ನೋಡುತ್ತಾಳೆ, ಮಾತಾಡುವುದು ಟಿವಿ ಒಂದೇ. ಲಾಸ್ ಏಂಜಲಿಸ್‌ಗೆ ಬಂದ ವಾರದಲ್ಲೇ ಅವಳು ಕೂದಲು ಮೋಟಾಗಿ ಕತ್ತರಿಸಿಕೊಂಡಳು, ಕೆಂಪು ಚಪ್ಪಲಿ ಕೊಂಡಳು, ಹಾಡಲು ಶುರು ಮಾಡಿದಳು. ಇಷ್ಟೂ ನಿಂತಿರುವುದು ನನ್ನ ಮೇಲೆ. ನಾನು ನಟಿಸುವ ಟಿವಿ ಧಾರಾವಾಹಿಯಿಂದ ನನ್ನನ್ನು ತೆಗೆದರೆ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಆ ಮನೆಗೇ ಹೋಗಬೇಕು.

ಇವತ್ತು ಮೇಜಿನ ಸುತ್ತ ಕೂತು ಮೊದಲ ಕಂತು ಓದಿದೆವು. ಹೆಸರು ‘ದೀಪ ಆರಿಸಿ, ಹುಡುಗಿಯರೇ’. ಹೆಣ್ಣುಮಕ್ಕಳ ವಸತಿ ಶಾಲೆ, ಒಂದು ಕೋಣೆ, ಐದು ಮಂಚ, ಐದು ಹುಡುಗಿಯರು, ಮತ್ತು ನಮ್ಮನ್ನು ಕಾಯುವ ಮೇಡಂ. ಮೇಡಂ ಪಾತ್ರ ಮಾಡುವವರು ಮಿಸ್ ಹೆಸ್ಟರ್, ರಂಗಭೂಮಿಯಲ್ಲಿ ಪಳಗಿದ ಮುದುಕಿ. ನಾನು ವಿನ್ನಿ. ವಿನ್ನಿ ಎಂಥವಳು ಎಂದು ಬರೆದವರಿಗೇ ಇನ್ನೂ ಗೊತ್ತಿಲ್ಲ. ಒಂದು ಪುಟದಲ್ಲಿ ಓದುಗುಳಿ, ಮುಂದಿನ ಪುಟದಲ್ಲಿ ಪುಕ್ಕಲಿ.

ಬರಹಗಾರರ ಯಜಮಾನ, ನಿರ್ಮಾಪಕ ಓಬರ್ಲಿ ಎದ್ದು ನಿಂತು, “ನೀವೆಲ್ಲ ನನ್ನ ಸ್ವಂತ ಮಕ್ಕಳಿದ್ದಂಗೆ” ಅಂದರು. ಮಿಸ್ ಹೆಸ್ಟರ್ ನನ್ನ ಕಿವಿಯಲ್ಲಿ, “ಅವನ ಸ್ವಂತ ಮಕ್ಕಳನ್ನ ಅವನು ನೋಡ್ಬೇಕು ಅಂದ್ರೆ ಕೋರ್ಟಿನ ಅಪ್ಪಣೆ ಬೇಕು ಕಣಮ್ಮ” ಅಂದರು. ನಗು ಬರಲಿಲ್ಲ. ಹೆದರಿಕೆ ಇನ್ನೂ ಹೆಚ್ಚಾಯಿತು.

ಪಕ್ಕದಲ್ಲಿ ಕೂತಿದ್ದವಳು ನಡೀನ್. ಒಹಾಯೊದವಳು, ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಅವಳದು ಬ್ಯಾಬ್ಸ್ ಪಾತ್ರ. ಅವಳು ಸುಮ್ಮನೆ ಕಾಗದ ನೋಡಿಕೊಂಡು ಓದಿದಳು: “ಅಪ್ಪ ಬರ್ದಿದಾರೆ. ನನ್ನ ರೂಮು ನಾನಿದ್ದಾಗ ಹೇಗಿತ್ತೋ ಹಾಗೇ ಇಟ್ಟಿದಾರಂತೆ.” ಎಲ್ಲರೂ ಮೆಲ್ಲಗೆ ನಕ್ಕರು. ಅವಳು ಒಂದು ಸಲ ರೆಪ್ಪೆ ಬಡಿದು, “ಬಾಡಿಗೆಗೆ ಬಂದವ್ರಿಗೆ ತುಂಬ ಹಿಡಿಸ್ತಂತೆ” ಅಂದಳು. ಮೇಜು ಕುಟ್ಟಿಕೊಂಡು ನಕ್ಕರು. ಅವಳ ಮಾತಿಗೆ ನಗು ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಚಿಕ್ಕದು, ಆಮೇಲೆ ಛಾವಣಿ ಹಾರಿಸುವಂಥದು.

ಊಟದ ಹೊತ್ತಿಗೆ ಅವಳನ್ನು ಕೇಳಿದೆ, ಹೇಗೆ ಮಾಡ್ತೀಯ ಅಂತ. ಟ್ಯೂನಾ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ನನಗೆ ಮುರಿದು ಕೊಟ್ಟು ಹೇಳಿದಳು: “ನಗು ಏರುತ್ತೆ, ನಿಲ್ಲುತ್ತೆ, ಇಳಿಯುತ್ತೆ. ಇಳಿಯೋಕೆ ಶುರುವಾದಾಗ ಬಾಯಿ ತೆಗೀಬೇಕು. ಅದಕ್ಕಿಂತ ಮೊದ್ಲೇ ತೆಗೆದ್ಯೋ, ಸತ್ಲು.”

“ಯಾರು, ನಾನಾ?”

“ನೀನಲ್ವೇ ಪೆದ್ದಿ. ನಿನಗಿಂತ ಮೊದ್ಲು ಮಾತಾಡಿದ್ಲಲ್ಲ, ಅವ್ಳು.”

19 ಆಗಸ್ಟ್, ಬುಧವಾರ

ಬುಧವಾರ ಅಂದರೆ ಏನು ಎಂದು ಇವತ್ತು ಗೊತ್ತಾಯಿತು. ಚಾನೆಲ್‌ನವರು ಬಂದು ಮಡಚುವ ಕುರ್ಚಿಗಳಲ್ಲಿ ಕೂರುತ್ತಾರೆ. ನಾವು ಇಡೀ ಕಂತು ಅವರ ಮುಂದೆ ಆಡಿ ತೋರಿಸಬೇಕು. ನಗು ಬಂದ ಮಾತು ಉಳಿಯುತ್ತದೆ, ಬಾರದ ಮಾತು ಹೋಗುತ್ತದೆ. ಹೋದದ್ದು ಹೋಗಿಬಿಟ್ಟರೆ ಸರಿ, ಎಷ್ಟೋ ಸಲ ಅದು ಇನ್ನೊಬ್ಬಳ ಬಾಯಿಗೆ ಹೋಗುತ್ತದಂತೆ.

ನನ್ನ ಮಾತು ಬಂತು, ಹೇಳಿದೆ. ಚಾನೆಲ್‌ನವರಲ್ಲಿ ಒಬ್ಬ ತನ್ನ ಗಡಿಯಾರಕ್ಕೆ ಕೀ ಕೊಡುತ್ತಿದ್ದ. ಯಾರೂ ನಗಲಿಲ್ಲ.

20 ಆಗಸ್ಟ್, ಗುರುವಾರ

ಬೆಳಿಗ್ಗೆ ಬಾಗಿಲ ಹತ್ತಿರ ಸಂಭಾಷಣೆಯ ಹೊಸ ಹಾಳೆಗಳು ಬಿದ್ದಿದ್ದವು. ತಿದ್ದಿದ ಹಾಳೆ ನೀಲಿ ಬಣ್ಣದ್ದು, ಮತ್ತೆ ತಿದ್ದಿದ್ದು ಗುಲಾಬಿ. ಅಮ್ಮ ಹಾಲಿನ ಬಾಟಲಿಯ ಜೊತೆ ಅದನ್ನೂ ಎತ್ತಿಕೊಂಡು ಬಂದಳು. “ಎಷ್ಟು ಚಂದದ ಬಣ್ಣ” ಅಂದಳು. ಅವಳ ಕೈಯಿಂದ ಕಿತ್ತುಕೊಂಡು ಓದಿದೆ. ನನ್ನ ಮಾತಿನಲ್ಲಿ ಹೆಚ್ಚಿನದು ಐವರಲ್ಲಿ ಇನ್ನೊಬ್ಬಳಾದ ವೆರ್ನಾಳಿಗೆ ಹೋಗಿದೆ. ನಾನು ಮೂಲೆಯ ಮಂಚದ ಮೇಲೆ ಕೂತು ಕಾಲುಚೀಲ ಮಡಚಬೇಕು. ಅದೂ ಬಿಳಿ ಕಾಲುಚೀಲ, ಬಿಳಿ ಹೊದಿಕೆಯ ಮೇಲೆ. ಕ್ಯಾಮೆರಾದವನಿಗೆ ನಾನು ಕಾಣುವುದೇ ಅನುಮಾನ.

26 ಆಗಸ್ಟ್, ಬುಧವಾರ

ಇವತ್ತು ಒಂದು ತಪ್ಪಾಯಿತು.

ಹೂದಾನಿ ಒಡೆದಿರುತ್ತದೆ. ಮೇಡಂ ಬಂದು ಯಾರು ಒಡೆದದ್ದು ಎಂದು ಕೇಳುತ್ತಾರೆ. ಬ್ಯಾಬ್ಸ್ ಹೇಳಬೇಕು: “ನಾನು ಹೇಳಲ್ಲ ಮೇಡಂ, ಅವಳು ನನಗೆ ತುಂಬ ಬೇಕಾದವಳು.” ಒಂದು ನಗು. ಆಮೇಲೆ, “ದಿನಾ ಕನ್ನಡೀಲಿ ಸಿಗ್ತಾಳೆ.” ದೊಡ್ಡ ನಗು. ಆಮೇಲೆ ನಾನು.

ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ನನಗೆ ಬೇರೇನೂ ಕೇಳಿಸಲಿಲ್ಲ. ನಡೀನ್ ರೆಪ್ಪೆ ಬಡಿಯುವ ಹೊತ್ತಿಗೇ ನಾನು ನನ್ನ ಮಾತು ಹೇಳಿಬಿಟ್ಟೆ. ಅವಳ ಬಾಯಿ ತೆರೆದೇ ಇತ್ತು. ಅದನ್ನು ಮೆಲ್ಲಗೆ ಮುಚ್ಚಿಕೊಂಡಳು. ನನ್ನ ಮಾತಿಗೆ ಯಾರೋ ನಕ್ಕರು, ಗಡಿಯಾರದವನೇ ಇರಬೇಕು. ಆಟ ನಿಲ್ಲಲಿಲ್ಲ, ಮುಂದೆ ಹೋಯಿತು.

ಆಮೇಲೆ ನಡೀನಳ ಹತ್ತಿರ ಓಡಿಹೋಗಿ ಕ್ಷಮೆ ಕೇಳಿದೆ. ಅಳು ಬಂದಿತ್ತು. “ಅಯ್ಯೋ ಬಿಡೇ, ಎಲ್ರಿಗೂ ಆಗುತ್ತೆ. ಮೊದ್ಲ ವಾರ ನಾನು ಸೀದಾ ಗೋಡೆಗೆ ಗುದ್ದಿದ್ದೆ, ನೋಡ್ಲಿಲ್ವಾ?” ಅಂದಳು. ನನ್ನನ್ನು ನಗಿಸಿಯೇ ಬಿಟ್ಟಳು. ಅವಳಂಥ ಒಳ್ಳೆಯವಳು ಸಿಕ್ಕುವುದಿಲ್ಲ.

27 ಆಗಸ್ಟ್, ಗುರುವಾರ

ನೀಲಿ ಹಾಳೆಯಲ್ಲಿ ಕನ್ನಡಿಯ ಮಾತು ಇಲ್ಲ. ಅಲ್ಲಿ ನಗು ಬರಲಿಲ್ಲವಲ್ಲ, ತೆಗೆದಿದ್ದಾರೆ. ನನ್ನ ಮಾತು ಉಳಿದಿದೆ, ಪಕ್ಕದಲ್ಲಿ ಇನ್ನೊಂದು ಹುಟ್ಟಿಕೊಂಡಿದೆ.

ನನಗೆ ಬೇಜಾರಾಯಿತು. ನಿಜವಾಗಿಯೂ ಆಯಿತು. ಆದರೆ ಈಗ ಒಳ್ಳೆಯ ನಿದ್ದೆ ಬರುತ್ತಿದೆ, ಇಲ್ಲಿಗೆ ಬಂದ ಮೇಲೆ ಇದೇ ಮೊದಲು.

31 ಆಗಸ್ಟ್, ಸೋಮವಾರ

ವೆರ್ನಾಳ ಕುರ್ಚಿ ಇಲ್ಲ.

ಯಾರೂ ಏನೂ ಹೇಳಲಿಲ್ಲ. ಮೇಜಿನ ಮೇಲೆ ಎಂದಿನಂತೆ ಡೋನಟ್ಟಿನ ಡಬ್ಬಿ, ಪೆನ್ಸಿಲ್ಲು, ಹೆಸರು ಬರೆದ ಚೀಟಿಗಳು. ಅವಳ ಚೀಟಿ ಮಾತ್ರ ಇರಲಿಲ್ಲ. ಕುರ್ಚಿಗಳನ್ನು ಒಂದಿಷ್ಟು ಸರಿಸಿ ಜಾಗ ಮುಚ್ಚಿದ್ದರು. ಕಥೆಯಲ್ಲಿ ಮೇಡಂ ಒಂದೇ ಮಾತು ಹೇಳುತ್ತಾರೆ, ವೆರ್ನಾಳ ಪಾತ್ರದ ಹುಡುಗಿ ಬೇರೆ ಶಾಲೆಗೆ ಹೋದಳು ಅಂತ. ಅವಳ ಮಂಚ ಇದ್ದಲ್ಲಿ ಒಂದು ಬೀರು ಬಂದಿದೆ. ಶುಕ್ರವಾರ ನಾವೆಲ್ಲ ಒಟ್ಟಿಗೆ ಕೂತು ಪಿಜ್ಜಾ ತಿಂದಿದ್ದೆವು. ಅವಳು ನನ್ನ ಜಡೆ ಹೆಣೆದಿದ್ದಳು. ಆಗಲೇ ಅವಳಿಗೆ ಗೊತ್ತಿತ್ತೋ ಏನೋ.

ಮಧ್ಯಾಹ್ನ ಮಿಸ್ ಹೆಸ್ಟರ್‌ರನ್ನು ಕೇಳಿದೆ. “ಕ್ರಿಸ್‌ಮಸ್ ಒಳಗೆ ಇನ್ನೊಬ್ಳು ಹೋಗ್ತಾಳಂತೆ. ಮೂವರು ಸಾಕು ಅಂತ ಚಾನೆಲ್‌ನವ್ರು ಹೇಳಿದಾರೆ. ಹೆದರ್ಕೋಬೇಡ ಮಗು, ಹೆದರಿದ್ರೆ ಮುಖ ಸುಕ್ಕಾಗುತ್ತೆ” ಅಂದರು. ಹೇಳಬೇಕಾದದ್ದೆಲ್ಲ ಹೇಳಿ ಹೆದರಬೇಡ ಅನ್ನುವುದು ದೊಡ್ಡವರ ಪದ್ಧತಿ.

ಮೂವರು. ಲಿನೆಟ್ ಮುದ್ದಾಗಿದ್ದಾಳೆ, ಅವಳ ಮುಖ ಪತ್ರಿಕೆಗಳಲ್ಲಿ ಬಂದಿದೆ. ಜೋಡಿ ಎಲ್ಲರಿಗಿಂತ ಚಿಕ್ಕವಳು. ಉಳಿದವರು ನಾನು ಮತ್ತು ನಡೀನ್.

ಅಮ್ಮ ಇವತ್ತು ಈಜುಕೊಳದ ಹತ್ತಿರ ಪಕ್ಕದ ಮನೆಯವರ ಜೊತೆ ನಗುತ್ತಿದ್ದಳು. ಇದನ್ನು ಅವಳಿಗೆ ಹೇಳಲಿಲ್ಲ. ಊಟ ಸೇರಲಿಲ್ಲ.

2 ಸೆಪ್ಟೆಂಬರ್, ಬುಧವಾರ

ಇವತ್ತೂ ಸ್ವಲ್ಪ ಬೇಗ ಆಯಿತು. ಬೇಕೆಂದು ಮಾಡಲಿಲ್ಲ. ಬೇಕೆಂದು ಮಾಡಿದ್ದರೆ ನನಗೇ ಗೊತ್ತಾಗುತ್ತಿತ್ತಲ್ಲ. ಭಯವಾದಾಗ ನನಗೆ ಕಾಯಲು ಆಗುವುದಿಲ್ಲ, ಅಷ್ಟೇ.

ಈ ಸಲ ಕ್ಷಮೆ ಕೇಳಲಿಲ್ಲ. ಪದೇ ಪದೇ ಕೇಳಿದರೆ ಅವಳಿಗೂ ಕಿರಿಕಿರಿ.

4 ಸೆಪ್ಟೆಂಬರ್, ಶುಕ್ರವಾರ

ಚಿತ್ರೀಕರಣ. ನಿಜವಾದ ಪ್ರೇಕ್ಷಕರು, ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತಾರೆ, ಬಸ್ಸಿನಲ್ಲಿ ಬಂದ ಮುದುಕಿಯರು, ಚರ್ಚಿನ ಗುಂಪು, ನೌಕಾಪಡೆಯ ಹುಡುಗರು. ಒಬ್ಬಾತ ಮೈಕು ಹಿಡಿದು ಮೊದಲೇ ಅವರನ್ನು ನಗಿಸಿ ಹದ ಮಾಡಿಟ್ಟಿರುತ್ತಾನೆ. ಸಂಜೆ ಒಮ್ಮೆ ಆಡಿ, ಊಟ ಮಾಡಿ, ಮತ್ತೊಮ್ಮೆ ಆಡಬೇಕು.

ನಡೀನ್ ಮಾತಿನ ನಡುವೆ ನಾನು ಹೊಕ್ಕೆ. ಅವಳು ಅರ್ಧ ತೆರೆದ ಬಾಯಿ ಮುಚ್ಚಿಕೊಂಡು ತನ್ನ ಕೈ ನೋಡಿಕೊಂಡಳು. ಆಗ ಪ್ರೇಕ್ಷಕರಿಂದ ಒಂದು ಸದ್ದು ಬಂತು. ನಗುವಲ್ಲ. “ಓ…” ಅನ್ನುವಂಥದು, ಚಿಕ್ಕ ಮಗು ಎಡವಿದಾಗ ಹೆಂಗಸರು ಅನ್ನುತ್ತಾರಲ್ಲ, ಹಾಗೆ. ನಗುವಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ.

ನಿರ್ದೇಶಕ ಬ್ರಿಮರ್ ನನ್ನ ಬೆನ್ನು ತಟ್ಟಿ, “ಇವತ್ತು ಎಚ್ಚರವಾಗಿದ್ದೆ ಮರಿ” ಅಂದರು. ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆ.

16 ಸೆಪ್ಟೆಂಬರ್, ಬುಧವಾರ

ಇವತ್ತು ಎರಡು ಸಲ.

17 ಸೆಪ್ಟೆಂಬರ್, ಗುರುವಾರ

ನೀಲಿ ಹಾಳೆ ನೋಡಲು ಈಗ ಅಷ್ಟೊಂದು ಭಯವಿಲ್ಲ. ನನ್ನ ಮಾತು ಹೆಚ್ಚಿದೆ. ಒಂದು ಪುಟದಲ್ಲಂತೂ ಬ್ಯಾಬ್ಸ್ ಇಲ್ಲವೇ ಇಲ್ಲ.

23 ಸೆಪ್ಟೆಂಬರ್, ಬುಧವಾರ

ಸ್ಟುಡಿಯೊದ ಹಿಂದೆ ನಮಗೊಂದು ಪಾಠದ ಕೋಣೆಯಿದೆ. ನಟಿಸುವ ಮಕ್ಕಳೂ ದಿನಕ್ಕಿಷ್ಟು ಹೊತ್ತು ಓದಲೇಬೇಕು ಎಂದು ಕಾನೂನು. ಬೀಜಗಣಿತ ಮಾಡುತ್ತಿದ್ದಾಗ ನಡೀನ್ ಪೆನ್ಸಿಲ್ಲು ಕೆಳಗಿಟ್ಟಳು.

“ಕೊರಿನ್, ಒಂದು ಕೇಳ್ಲಾ? ನನ್ನ ಮಾತೆಲ್ಲ ಯಾಕೆ ಬಿದ್ದು ಹೋಗ್ತಿದೆ? ಮನೇಲಿ ಕನ್ನಡಿ ಮುಂದೆ ಹೇಳಿದ್ರೆ ಸರಿಯಾಗೇ ಇರುತ್ತೆ. ಇಲ್ಲಿಗೆ ಬಂದ್ರೆ ಸತ್ತ ಮೀನು.”

“ಬರೆಯೋವ್ರು ಸರಿಯಾಗಿ ಬರೀತಿಲ್ಲ ಬಿಡು” ಅಂದೆ.

“ಅಲ್ಲ ಕಣೇ. ನಂಗೆ ನಗಿಸೋಕೆ ಬರ್ತಿತ್ತು, ಈಗ ಮರ್ತುಹೋಗಿದೆ. ನನ್ನ ಧ್ವನಿ ಕೇಳಿದ್ರೆ ನಂಗೇ ಭಯ ಆಗುತ್ತೆ. ಇಲ್ಲಿಂದ ತೆಗೆದ್ರೆ ಚಿಕ್ಕಮ್ಮ ಇಟ್ಕೊಳ್ಳಲ್ಲ. ಅಮ್ಮನ ಹತ್ರ ಹೋಗೋಕೆ ಅವ್ಳ ಹೊಸ ಗಂಡ ಬಿಡಲ್ಲ. ಎಲ್ಲಿಗೆ ಹೋಗ್ಲಿ ಹೇಳು?”

ಅವಳ ಕೈ ಹಿಡಿದುಕೊಂಡೆ. ಅವಳ ಕೈಯೂ ತಣ್ಣಗಿತ್ತು, ನನ್ನದೂ ತಣ್ಣಗಿತ್ತು. ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಅದು ಬೆಳಿಗ್ಗೆ. ಮಧ್ಯಾಹ್ನ ಮಡಚುವ ಕುರ್ಚಿಗಳ ಸಾಲಿನಲ್ಲಿ ಒಬ್ಬ ಹೊಸ ಮನುಷ್ಯ ಕೂತಿದ್ದ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಏನೋ ಗುರುತು ಹಾಕಿಕೊಳ್ಳುತ್ತಿದ್ದ. ನನ್ನನ್ನು ನೋಡಿದಾಗ ಪೆನ್ನು ಅಲ್ಲಾಡಲಿಲ್ಲ. ಅದನ್ನು ಕಂಡಾಗ ಜೀವ ಬಾಯಿಗೆ ಬಂತು. ಆಮೇಲೆ ಏನಾಯಿತೋ ಅದು ಆಯಿತು. ಅವಳಿಗಾದರೆ ನಗಿಸುವ ವಿದ್ಯೆ ಹುಟ್ಟಿನಿಂದ ಬಂದಿದೆ, ಎಲ್ಲಿ ಹೋದರೂ ಬದುಕುತ್ತಾಳೆ. ನನಗೆ ಏನು ಬರುತ್ತದೆ?

30 ಸೆಪ್ಟೆಂಬರ್, ಬುಧವಾರ

ಅಮ್ಮ ಫೋನಿನಲ್ಲಿ ಅಪ್ಪನಿಗೆ, “ಇಲ್ಲ, ಕ್ರಿಸ್‌ಮಸ್ಸಿಗೂ ಬರಲ್ಲ. ಅವಳ ಕೆಲಸ ಚೆನ್ನಾಗಿ ನಡೀತಿದೆ” ಅಂದಳು. ಫೋನು ಇಟ್ಟು ನನ್ನನ್ನು ಎತ್ತಿ ಗಿರಗಿರ ತಿರುಗಿಸಲು ನೋಡಿದಳು. ನಾನೀಗ ಅವಳಷ್ಟೇ ಎತ್ತರ, ಇಬ್ಬರೂ ಸೋಫಾದ ಮೇಲೆ ಬಿದ್ದೆವು.

ಇವತ್ತು ಮೂರು ಸಲ. ಒಂದು ಸಲ ನಡೀನ್ ತಾನೇ ಮಾತು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಮಾಡುವ ಮೊದಲೇ. ಹಾಗಾದರೆ ಅದು ನನ್ನ ತಪ್ಪಾಗುವುದು ಹೇಗೆ?

10 ಅಕ್ಟೋಬರ್, ಶನಿವಾರ

ನಮ್ಮ ಧಾರಾವಾಹಿ ಟಿವಿಯಲ್ಲಿ ಬರಲು ಶುರುವಾಗಿ ಕೆಲವು ವಾರವಾಯಿತು. ಇವತ್ತು ಅಂಗಡಿಯಲ್ಲಿ ಕಿತ್ತಳೆ ಆರಿಸುತ್ತಿದ್ದಾಗ ಒಬ್ಬ ಹೆಂಗಸು ತಳ್ಳುಗಾಡಿ ನಿಲ್ಲಿಸಿ ನನ್ನನ್ನೇ ನೋಡಿದಳು. ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಹಾಕಿಕೊಂಡು ಮೇಲೆ ಬಟ್ಟೆ ಕಟ್ಟಿದ್ದಳು.

“ನೀನು ವಿನ್ನಿ ಅಲ್ವಾ?”

ನನ್ನ ಮುಖ ಅರಳಿತು. “ಹೌದು ಮೇಡಂ!”

“ಆ ಪಾಪದ ಹುಡ್ಗೀನ ಒಂದಿನಾನಾದ್ರೂ ಪೂರ್ತಿ ಮಾತಾಡೋಕೆ ಬಿಡಮ್ಮ ತಾಯಿ” ಅಂದು ಗಾಡಿ ತಳ್ಳಿಕೊಂಡು ಹೋದಳು.

ನನ್ನನ್ನು ಗುರುತು ಹಿಡಿದರಲ್ಲ! ಅಮ್ಮನಿಗೆ ಅಷ್ಟು ಮಾತ್ರ ಹೇಳಿದೆ. ಉಳಿದದ್ದು ಹೇಳಲಿಲ್ಲ. ಕಾರಿನಲ್ಲಿ ಯಾಕೋ ಚಳಿಯಾಯಿತು, ಹೊರಗೆ ಬಿಸಿಗಾಳಿ ಬೀಸುತ್ತಿದ್ದರೂ.

14 ಅಕ್ಟೋಬರ್, ಬುಧವಾರ

ಮಿಸ್ ಹೆಸ್ಟರ್ ಬಣ್ಣ ಒರೆಸಿಕೊಳ್ಳುತ್ತ ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದರು: “ನಾನು ನಲವತ್ತು ವರ್ಷದಿಂದ ರಂಗದ ಮೇಲಿದೀನಿ ಮಗು. ಪಕ್ಕದವಳ ತಟ್ಟೆಗೆ ಕೈ ಹಾಕೋರನ್ನ ಬಹಳ ನೋಡಿದೀನಿ. ನಿನ್ನಷ್ಟು ಮುದ್ದು ಮುಖ ಇಟ್ಕೊಂಡು ಹಾಕಿದವ್ರನ್ನ ನೋಡಿರ್ಲಿಲ್ಲ.”

“ನಾನೇನು ಮಾಡ್ದೆ?” ಅಂದೆ.

“ನಾನು ಯಾರ ಹೆಸರೂ ಹೇಳ್ಲಿಲ್ವಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ?”

ಮುದುಕಿಗೆ ಹೊಟ್ಟೆಕಿಚ್ಚು. ಅವರ ಮಾತೂ ಕಡಿಮೆಯಾಗುತ್ತಿದೆ, ನನಗೆ ಗೊತ್ತು. ಮುಂದಿನ ವಾರ ಅವರ ಜೊತೆ ನನಗೊಂದು ದೃಶ್ಯವಿದೆ. ಅಲ್ಲಿ ಅವರು ಬಹಳ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅಷ್ಟು ಹೊತ್ತು ನಿಲ್ಲುವ ಅಗತ್ಯವಿಲ್ಲ.

22 ಅಕ್ಟೋಬರ್, ಗುರುವಾರ

ಸೋಮವಾರ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಓಬರ್ಲಿಯವರ ಕೋಣೆಗೆ ಬರಬೇಕಂತೆ. ಅವರ ಸಹಾಯಕಿ ಫೋನು ಮಾಡಿದ್ದಳು. ವೆರ್ನಾಳನ್ನೂ ಹೀಗೇ ಕರೆದಿದ್ದರಂತೆ.

24 ಅಕ್ಟೋಬರ್, ಶನಿವಾರ

ಮೂರು ಸಲ ವಾಂತಿಯಾಯಿತು. ಅಮ್ಮ ಹಾಡುತ್ತಿಲ್ಲ. ಕೆಂಪು ಚಪ್ಪಲಿಯನ್ನು ಒರೆಸಿ ಡಬ್ಬಿಯಲ್ಲಿಟ್ಟಿದ್ದಾಳೆ, ಯಾಕೆಂದು ನಾನು ಕೇಳಲಿಲ್ಲ.

26 ಅಕ್ಟೋಬರ್, ಸೋಮವಾರ

ಎಲ್ಲವನ್ನೂ ಬರೆಯಬೇಕು.

ಓಬರ್ಲಿಯವರ ಕೋಣೆಯಲ್ಲಿ ನೆಲದ ಮೇಲೆ ಕ್ಯಾನ್ವಾಸಿನ ಚೀಲಗಳಿದ್ದವು. ಬ್ರಿಮರ್ ಕಿಟಕಿಯ ಹತ್ತಿರ ನಿಂತಿದ್ದರು. ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಉಂಗುರ ನನ್ನ ಬೆರಳಿಗೆ ಒತ್ತುತ್ತಿತ್ತು.

“ಈ ಚೀಲ ನೋಡು. ಎಲ್ಲ ಪ್ರೇಕ್ಷಕರ ಕಾಗದ. ಯಾರ ಬಗ್ಗೆ ಅಂತ ಹೇಳು ನೋಡೋಣ” ಅಂದರು ಓಬರ್ಲಿ.

“ಲಿನೆಟ್?” ಅಂದೆ.

“ಬ್ಯಾಬ್ಸ್! ಎಲ್ರದೂ ಒಂದೇ ರಾಗ. ಆ ಹುಡ್ಗೀನ ಮಾತಾಡೋಕೆ ಬಿಡಿ, ಆ ಹುಡ್ಗೀನ ಮಾತಾಡೋಕೆ ಬಿಡಿ. ಟೆಕ್ಸಸ್ಸಿನ ಒಬ್ಬ ಅಜ್ಜಿ ಅವಳನ್ನ ದತ್ತು ತಗೋತಾಳಂತೆ.” ಅವರು ಮೇಜಿನ ಮೇಲೆ ಬಗ್ಗಿದರು. “ಇನ್ನು ವಿನ್ನಿ ಬಗ್ಗೆ ಏನು ಬರ್ದಿದಾರೆ ಗೊತ್ತಾ? ಅವಳ ಕಪಾಳಕ್ಕೆ ಒಂದು ಬಿಡಿ ಅಂತ.”

ಮುಗಿಯಿತು ಅಂದುಕೊಂಡೆ. ಅಮ್ಮ ಎದ್ದು ನಿಂತುಬಿಟ್ಟಳು. “ಅವಳು ಚಿಕ್ಕವಳು ಸಾರ್. ತಿದ್ಕೋತಾಳೆ.”

“ತಿದ್ಕೋಬೇಡಿ ಅಂತಾನೇ ಕರೆದದ್ದು ತಾಯಿ! ಕೂತ್ಕೊಳ್ಳಿ. ಪ್ರತಿ ವಾರ ಜನ ಟಿವಿ ಹಾಕೋದೇ ಇದಕ್ಕೆ, ಈ ವಾರವಾದ್ರೂ ಬ್ಯಾಬ್ಸ್ ಮಾತು ಮುಗಿಸ್ತಾಳಾ ಅಂತ. ಒಬ್ಳು ಮುಗ್ಧೆ, ಒಬ್ಳು ಬಾಯಿಬಡುಕಿ. ನಿಮ್ಮಿಬ್ರಲ್ಲಿ ಒಬ್ಳನ್ನ ತೆಗೀಬೇಕು ಅಂತಿತ್ತು, ಮುಚ್ಚಿಡೋದೇನು. ಈಗ ಚಾನೆಲ್‌ನವ್ರು ಏನಂತಾರೆ ಗೊತ್ತಾ? ಈ ಇಬ್ರನ್ನ ಒಡೆದ್ರೆ ನಿಮ್ಮ ತಲೆ ಒಡೀತೀವಿ ಅಂತಾರೆ.” ಬ್ರಿಮರ್ ಕಡೆ ತಿರುಗಿದರು. “ನಾವು ಎಂಟು ಜನ ಕೂತು ವಿನ್ನಿ ಯಾರು ಅಂತ ತಲೆ ಕೆರ್ಕೊಳ್ತಿದ್ವಿ. ಹದಿನಾಲ್ಕು ವರ್ಷದ ಹುಡುಗಿ ತಾನೇ ಕಟ್ಟಿಬಿಟ್ಲು! ಹೇಗೆ ಹೊಳೀತು ಮಗು ನಿನಗೆ?”

ಬಿಸಿ ತುಪ್ಪ ಬಾಯಲ್ಲಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. “ಗೊತ್ತಿಲ್ಲ ಸಾರ್. ಹಾಗೇ ಬಂತು” ಅಂದೆ.

ಹೊರಗೆ ಬಂದಾಗ ಮೊಗಸಾಲೆಯ ಬೆಂಚಿನ ಮೇಲೆ ನಡೀನ್ ಅವಳ ಚಿಕ್ಕಮ್ಮನ ಜೊತೆ ಕೂತಿದ್ದಳು. ಅವಳನ್ನು ನಮ್ಮ ನಂತರ ಕರೆದಿದ್ದರು. ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ, ಮುಖ ಸುಣ್ಣ ಬಳಿದಂತಿತ್ತು. ನಾನು ಒಂದು ಮಾತು ಹೇಳಬಹುದಿತ್ತು, ಹೆದರಬೇಡ ಅಂತ. ಅಮ್ಮ ನನ್ನನ್ನು ಅಪ್ಪಿಕೊಂಡು ಅಳುತ್ತ ನಗುತ್ತ ಎಳೆದುಕೊಂಡು ಹೋದಳು. ಹೇಳಲಾಗಲಿಲ್ಲ.

28 ಅಕ್ಟೋಬರ್, ಬುಧವಾರ

ಈಗ ಅದು ಕಾಗದದ ಮೇಲೆ ಅಚ್ಚಾಗಿದೆ. ಬ್ಯಾಬ್ಸ್ ಒಂದು ಕಥೆ ಶುರು ಮಾಡುತ್ತಾಳೆ, ತನ್ನ ಊರಿನ ಅಂಚೆಯವನನ್ನು ಕುರಿ ಅಟ್ಟಿಸಿಕೊಂಡು ಹೋದ ಕಥೆ. ಅದರ ಕೆಳಗೆ: ವಿನ್ನಿ ಮಧ್ಯೆ ಬಾಯಿ ಹಾಕುತ್ತಾಳೆ. ಪುಟಕ್ಕೊಂದು ಸಲ. ಎಲ್ಲರ ಕೈಯಲ್ಲೂ ಅದೇ ಪುಟ, ದೀಪದವನ ಕೈಯಲ್ಲೂ.

ನನ್ನಿಂದ ಆಗಲಿಲ್ಲ.

ನಡೀನ್ ಶುರು ಮಾಡಿದಳು. ನಾನು ಬಾಯಿ ತೆರೆದೆ. ಹಾಗೇ ಮುಚ್ಚಿಕೊಂಡೆ. ಅವಳು ಕಾದಳು, ನಾನೂ ನಿಂತೆ. ಮಡಚುವ ಕುರ್ಚಿಯೊಂದು ಕಿರ್ ಅಂದಿತು. ಬ್ರಿಮರ್ ಮತ್ತೆ ಮಾಡಿಸಿದರು. ಮತ್ತೆ ಹಾಗೇ ಆಯಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಈಗ ಮಾಡುತ್ತಾಳೆ, ಈಗ ಮಾಡುತ್ತಾಳೆ ಅಂತ.

“ಏನಾಯ್ತು ನಿಂಗೆ? ಯಾರೂ ಕೇಳ್ದೇ ಇದ್ದಾಗ ವಾರ ವಾರ ಮಾಡ್ತಿದ್ದೆ!” ಅಂದರು ಬ್ರಿಮರ್. ಯಾರೋ ಕಿಸಕ್ಕನೆ ನಕ್ಕರು. ಹತ್ತು ನಿಮಿಷ ಬಿಡುವು ಕೊಟ್ಟರು.

ನಮ್ಮ ವಸತಿ ಶಾಲೆಯ ಗೋಡೆಯ ಹಿಂಭಾಗಕ್ಕೆ ಹೋಗಿ ಕೂತೆ. ಅಲ್ಲಿ ಬರೀ ಹಲಗೆ, ಆನಿಸಿದ ಕೋಲು, ಮರಳಿನ ಚೀಲ. ನಡೀನ್ ಬಂದು ನನ್ನ ಎದುರು ನಿಂತಳು.

“ಮೊದ್ಲು ಮಾಡ್ತಿದ್ಯಲ್ಲ, ಹಾಗೇ ಮಾಡು.”

“ಯಾವಾಗ ಮಾಡ್ತಿದ್ದೆ?”

“ಬುಧವಾರ ಬುಧವಾರ.”

ನಾನು ನೆಲ ನೋಡಿದೆ. “ಯಾವಾಗ ಗೊತ್ತಾಯ್ತು?”

“ಎರಡ್ನೇ ಸಲಾನೇ. ನೀನು ಕ್ಷಮೆ ಕೇಳ್ಲಿಲ್ಲ ನೋಡು, ಆವಾಗ.”

“ಮತ್ತೆ ಪಾಠದ ಕೋಣೇಲಿ ನನ್ನನ್ನ ಯಾಕೆ ಕೇಳ್ದೆ, ಮಾತು ಯಾಕೆ ಬಿದ್ದು ಹೋಗ್ತಿದೆ ಅಂತ?”

“ನೀನೇ ಹೇಳ್ತೀಯೇನೋ ಅಂತ.”

“ಬ್ರಿಮರ್‌ಗೆ ಹೇಳ್ಬಹುದಿತ್ತು ನೀನು.”

“ಹೇಳಿದ್ರೆ ಜಗಳಗಂಟಿ ಅಂತ ನನ್ನನ್ನೇ ತೆಗೀತಿದ್ರು. ನೀನೊಬ್ಳೇ ಹೆದ್ರಿದ್ದು ಅಂದ್ಕೊಂಡ್ಯಾ?” ಅವಳು ಬಗ್ಗಿ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. ಮೆಲ್ಲಗೇನೂ ಅಲ್ಲ. “ಕೇಳು ಇಲ್ಲಿ. ಈಗ ನೀನು ಬಾಯಿ ಹಾಕ್ದೇ ಇದ್ರೆ ನನ್ನ ನಗು ಹೋಗುತ್ತೆ. ಅದನ್ನೂ ಕಳೀಬೇಡ. ಸರಿಯಾಗಿ ಮಾಡು.”

ಹೋಗಿ ಮಾಡಿದೆ. ಅವಳು ಬಾಯಿ ಮುಚ್ಚಿಕೊಂಡು ಕೈ ನೋಡಿಕೊಂಡಳು. ಮಡಚುವ ಕುರ್ಚಿಗಳೆಲ್ಲ ಕುಣಿದವು. ಗಡಿಯಾರದವನು ಕಣ್ಣೊರೆಸಿಕೊಂಡ.

30 ಅಕ್ಟೋಬರ್, ಶುಕ್ರವಾರ

ಚಿತ್ರೀಕರಣ ಚೆನ್ನಾಗಿ ಆಯಿತು. ಕೊನೆಯಲ್ಲಿ ಒಬ್ಬೊಬ್ಬರಾಗಿ ಮುಂದೆ ಬಂದು ನಮಸ್ಕರಿಸಬೇಕು. ನಡೀನ್ ಬಂದಾಗ ಜನ ಎದ್ದು ನಿಂತರು. ನಾನು ಬಂದಾಗ, “ಹೋಓಓ” ಎಂದು ಕೂಗಿದರು, ಕಾಲು ಬಡಿದರು, ಒಬ್ಬ ಹುಡುಗ ಕಾಗದದ ಉಂಡೆ ಎಸೆದ.

ಅಮ್ಮ ಕೆಂಪು ಚಪ್ಪಲಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದಳು. ಕಾರಿನಲ್ಲಿ ಅಂದಳು: “ಅವ್ರು ಪ್ರೀತಿಯಿಂದ ಕೂಗೋದು ಕಣೇ. ಅಳ್ತೀಯಾ ಇದಕ್ಕೆ? ಇನ್ನು ನಿನ್ನನ್ನ ಯಾರೂ ತೆಗೆಯೋಲ್ಲ.”

ಹೌದು. ಮುಂದಿನ ವರ್ಷಕ್ಕೂ ಒಪ್ಪಂದವಾಗಿದೆ. ಹೋಗುವವಳು ಎಲ್ಲರಿಗಿಂತ ಚಿಕ್ಕವಳು, ಜೋಡಿ. ಅವಳಿಗಿನ್ನೂ ಹೇಳಿಲ್ಲ. ಇವತ್ತು ಊಟಕ್ಕೆ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು, ತನ್ನ ಐಸ್‌ಕ್ರೀಮು ನನಗೆ ಬೇಕಾ ಎಂದು ಕೇಳಿದಳು. ತೆಗೆದುಕೊಂಡು ತಿಂದೆ.

2 ನವೆಂಬರ್, ಸೋಮವಾರ

ಭಯ ಹೋಗಬೇಕಿತ್ತು. ಇನ್ನು ಹೆದರಲು ಏನಿದೆ? ಆದರೂ ಬೆಳಿಗ್ಗೆ ಎದ್ದವಳೇ ಬಾಗಿಲ ಹತ್ತಿರ ನೀಲಿ ಹಾಳೆ ಬಿದ್ದಿದೆಯೇ ಎಂದು ನೋಡಿದೆ, ಗುರುವಾರವಲ್ಲದಿದ್ದರೂ.

ಮಧ್ಯಾಹ್ನ ಊಟಕ್ಕೆ ನಡೀನ್ ನನ್ನ ಎದುರು ಬಂದು ಕೂತಳು. ಲಿನೆಟ್ ಇದ್ದಳು, ಮಿಸ್ ಹೆಸ್ಟರ್ ಇದ್ದರು. ನಡೀನ್ ತನ್ನ ಚಿಕ್ಕಮ್ಮನ ನಾಯಿಯ ವಿಷಯ ಹೇಳತೊಡಗಿದಳು. ಶನಿವಾರ ಅದು ಬೇಲಿ ಹಾರಿ ಎಲ್ಲಿಗೋ ಹೋಗಿತ್ತಂತೆ. ಚಿಕ್ಕಮ್ಮ ರಾತ್ರಿಯುಡುಪಿನಲ್ಲೇ ಬೀದಿಗಿಳಿದು ಹುಡುಕಿದರಂತೆ. “ಕೊನೆಗೆ ಆ ಮೂಲೆ ಮನೆಯವ್ರು ಬಾಗಿಲು ತೆಗೆದು…” ಅಂದಳು.

ಅಲ್ಲಿಗೆ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಕೋಪದಿಂದಲ್ಲ, ಅಣಕಿಸಲೂ ಅಲ್ಲ. ಅಭ್ಯಾಸದಿಂದ ನಿಲ್ಲಿಸಿದ್ದು, ನಾನು ಮಾತಾಡುವುದಕ್ಕೆ ಕಾಯುತ್ತಿದ್ದಳು.

ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅವಳೂ ಸುಮ್ಮನಿದ್ದಳು. ಲಿನೆಟ್ ಉಪ್ಪಿನ ಡಬ್ಬಿ ಕೇಳಿದಳು. ನಡೀನ್ ಅದನ್ನು ಎತ್ತಿ ಕೊಟ್ಟು ತನ್ನ ಸೂಪು ಕುಡಿಯತೊಡಗಿದಳು.

ನಾಯಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಕೆಂದು ಬಾಯಿ ತೆರೆದೆ. ನಾನು ಬಾಯಿ ತೆರೆದದ್ದನ್ನು ಕಂಡು ಅವಳು ತಟ್ಟನೆ ಚಮಚ ಕೆಳಗಿಟ್ಟು ತನ್ನ ಕೈ ನೋಡಿಕೊಂಡಳು.